ದನಿಗೊಂದು ಕತ್ತರಿ

ಮಲಪ್ರಭೆಯ ದಂಡೆಯ ಮೇಲಿರುವ ರಾಮದುರ್ಗ ನೇಕಾರರ ಊರು. ಮಗ್ಗದ ಸಪ್ಪಳ ಅಲ್ಲಿನ ಓಣಿಗಳಿಗೆ ಹೊಸತಲ್ಲ. ಇಂಥ ಊರಿನ ಮನೆಯೊಂದರಲ್ಲಿ ಕುಳಿತು ಜಾಹೀರಾತಿಗೋ ಸಾಕ್ಷ್ಯಚಿತ್ರಕ್ಕೋ ಹಿನ್ನೆಲೆಯ ದನಿ ಕೊಡಬಯಸುವ ತರುಣನಿಗೆ ಮೊದಲು ಎದುರಾಗುವ ಪ್ರಶ್ನೆ, ಮುದ್ರಿಸಿ ತಿದ್ದಲು ಯಾವ ತಂತ್ರಾಂಶ ಒಳ್ಳೆಯದು ಎಂಬುದು. ಸಂಪಾದನೆ ಇನ್ನೂ ಆರಂಭವಾಗದಿರುವಾಗ ಮನೆಯವರ ಹಣ ಎಷ್ಟು ಖರ್ಚಾಗಬೇಕೆಂಬುದೂ ಅದರೊಳಗೇ ಅಡಗಿದೆ.

ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾದದ್ದು 1950ರಲ್ಲಿ. ಟೇಪಿನ ಕಾಲದಲ್ಲಿ ತಪ್ಪಿದ ಮಾತನ್ನು ತೆಗೆಯಲು ಬಾನುಲಿಯವರು ಬ್ಲೇಡಿನಿಂದ ಟೇಪನ್ನೇ ಕತ್ತರಿಸಿ, ತುದಿಗಳನ್ನು ಅಂಟಿಸುತ್ತಿದ್ದರು. ಇಂದಿನ ತಂತ್ರಾಂಶ ಮಾಡುವುದೂ ಅದೇ ಕೆಲಸವನ್ನೇ; ಆದರೆ ಕತ್ತರಿಸಿದ್ದು ಬೇಕೆಂದಾಗ ಮರಳಿ ಬರುತ್ತದೆ.

ಆರಂಭಕ್ಕೆ ಆಡಾಸಿಟಿ ಸಾಕು. 2000ದಲ್ಲಿ ಹೊರಬಂದ ಇದಕ್ಕೆ ಬೆಲೆಯಿಲ್ಲ. ದನಿ ಕೊಡುವವರಿಗೆ ಅತ್ಯಂತ ಉಪಯುಕ್ತವಾದ ಒಂದು ಅನುಕೂಲ 2018ರಿಂದ ಇದರಲ್ಲಿದೆ. ಓದುತ್ತಿರುವಾಗ ನಾಲಿಗೆ ತೊಡರಿದರೆ ತುಸು ಹಿಂದಕ್ಕೆ ಗೆರೆಯಿಟ್ಟು ಗುಂಡಿಯೊತ್ತಬೇಕು. ಹಿಂದಿನ ಕೆಲವು ಕ್ಷಣಗಳ ಮಾತು ಕಿವಿಗೆ ಕೇಳಿ, ಗೆರೆಯಿಂದಾಚೆಗೆ ಹೊಸ ಮುದ್ರಣ ತಾನಾಗಿಯೇ ಆರಂಭವಾಗುತ್ತದೆ. ಓದುವವನ ಧಾಟಿ ಮುರಿಯುವುದಿಲ್ಲ.

ಮಾತಿನೊಡನೆ ಸಂಗೀತವನ್ನೂ ಹಲವು ಪದರಗಳಲ್ಲಿ ಹೆಣೆಯಬೇಕಾದಾಗ ರೀಪರ್ ಹೆಚ್ಚು ಅನುಕೂಲ. ಅರವತ್ತು ದಿನ ಪರೀಕ್ಷಿಸಿ ನೋಡಬಹುದು. ಅನಂತರ ಸಣ್ಣ ಗಳಿಕೆಯವರಿಗೆ ಅದರ ಪರವಾನಗಿ 60 ಡಾಲರು. ಅಡೋಬಿಯವರ ಆಡಿಷನ್ ಸಮರ್ಥವಾದುದೇ ಸರಿ, ಆದರೆ ಅದು ಬಾಡಿಗೆಯ ಮನೆಯಂತೆ: ಹಣ ಕಟ್ಟುವುದು ನಿಂತರೆ ಬಾಗಿಲು ಮುಚ್ಚುತ್ತದೆ. ಕೆಲಸ ಕೈಗೆ ಬರುವ ಮೊದಲೇ ಆ ಹೊರೆ ಹೊರುವುದು ಜಾಣತನವಲ್ಲ.

ಇನ್ನು ಸಪ್ಪಳದ ಮಾತು. ಗದ್ದಲವನ್ನು ತಂತ್ರಾಂಶವೇ ಅಳಿಸುತ್ತದೆಂಬ ನಂಬಿಕೆಯಿಂದ ಹಲವರು ದುಬಾರಿಯಾದುದನ್ನು ಕೊಳ್ಳುತ್ತಾರೆ. ಪಂಖದ ಗುಂಯ್‌ಗುಡುವಿಕೆಯಂತೆ ಒಂದೇ ಸಮನಾದ ಸದ್ದಿನ ಮಾದರಿಯನ್ನು ಹಿಡಿದು ಅದನ್ನು ತಗ್ಗಿಸುವುದು ಆಡಾಸಿಟಿಗೂ ಸಾಧ್ಯ. ಮಗ್ಗದ ಸಪ್ಪಳವಾದರೋ ಬಡಿದು ನಿಂತು ಮತ್ತೆ ಬಡಿಯುವಂಥದು. ಈ ಉಪಾಯಕ್ಕೆ ಅದು ಸಿಕ್ಕುವುದಿಲ್ಲ. ಬಲವಂತದಿಂದ ಅಳಿಸಹೊರಟರೆ ಮೆಲ್ಲನುಸುರಿನ ಅಕ್ಷರಗಳೂ ಸದ್ದಿನೊಡನೆ ಕೊಚ್ಚಿಹೋಗುತ್ತವೆ. ಸಕಾರ ಶಕಾರಗಳು ಮಂಕಾಗಿ, 'ಹಾಲು' ಎಂದದ್ದು 'ಆಲು' ಎಂದು ಕೇಳಿಸೀತು! ಹಾಲಿನ ಜಾಹೀರಾತಿಗೆ ದನಿ ಕೊಟ್ಟವನ ಪಾಡೇನು?

ಆದುದರಿಂದ ಕೋಣೆಯ ಆಯ್ಕೆ ತಂತ್ರಾಂಶದ ಆಯ್ಕೆಗಿಂತ ಮುಂಚಿನದು. ಧ್ವನಿಪುಸ್ತಕಗಳನ್ನು ಸ್ವೀಕರಿಸುವ ಎಸಿಎಕ್ಸ್ ಎಂಬ ವಿದೇಶೀ ಸಂಸ್ಥೆ, ಮಾತಿಲ್ಲದ ಕಡೆಯ ಸದ್ದು ಋಣ 60 ಡೆಸಿಬೆಲ್‌ಗಿಂತ ಕೆಳಗಿರಬೇಕೆಂದು ವಿಧಿಸಿದೆ. ಗೋಡೆಗೆ ಮನೆಯ ಕೌದಿಗಳನ್ನು ಇಳಿಬಿಟ್ಟರೆ ಮಾರ್ದನಿ ತಗ್ಗುತ್ತದೆ, ಹೊರಗಿನ ಮಗ್ಗ ಮಾತ್ರ ಕೌದಿಗೆ ಮಣಿಯದು. ಅದು ನಿಂತ ಹೊತ್ತಿಗೆ ಕಾಯಬೇಕು. ಮುದ್ರಿಸಿದ್ದನ್ನು ಮೂಲದಲ್ಲಿ ವೇವ್ ಕಡತವಾಗಿಯೇ ಉಳಿಸಿಕೊಂಡು, ಕಳಿಸುವಾಗ ಮಾತ್ರ, ಕೇಳಿದರೆ, ಎಂಪಿ3 ಮಾಡುವುದು ಲೇಸು.

ಹಣ ಕೊಡುವ ಮುನ್ನ ಮಾಡಬಹುದಾದ ಪರೀಕ್ಷೆ ಸುಲಭ: ಅರ್ಧ ನಿಮಿಷ ಸುಮ್ಮನಿದ್ದು, ಬಳಿಕ ಒಂದು ಪುಟ ಓದಿ, ಎರಡನ್ನೂ ಉಚಿತ ತಂತ್ರಾಂಶದಲ್ಲಿ ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳುವುದು. ಆ ಅರ್ಧ ನಿಮಿಷದಲ್ಲಿ ಮಗ್ಗ ಕೇಳಿಸಿದರೆ, ಕೊಳ್ಳಬೇಕಾದದ್ದು ತಂತ್ರಾಂಶವಲ್ಲ.