ಯಾವ ಪೆಟ್ಟಿಗೆಗೆ ಮೊದಲ ಸರದಿ?

ಬಂದರು ಎಂದೊಡನೆ ಕಣ್ಣು ಹೋಗುವುದು ಹಡಗಿನತ್ತ, ಇಲ್ಲವೇ ದಡದಲ್ಲಿ ಸಾಲಾಗಿ ನಿಂತ ದೈತ್ಯ ಕ್ರೇನುಗಳತ್ತ. ಹೊಸ ಬಂದರಿನ ಉದ್ಘಾಟನೆಯಲ್ಲಿ ಫೋಟೋಕ್ಕೆ ಸಿಗುವುದೂ ಅವೇ. ಅವುಗಳ ಬೆನ್ನಿಗೆ ಎಕರೆಗಟ್ಟಲೆ ಹರಡಿಕೊಂಡ ಅಂಗಳವನ್ನು, ಅಂದರೆ ಕಂಟೇನರ್‌ಗಳು ಹಡಗಿಗೋ ಲಾರಿಗೋ ಕಾಯುತ್ತ ಪೇರಿಸಿಕೊಂಡಿರುವ ಯಾರ್ಡನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಆದರೆ ಕಂಟೇನರ್ ಬಂದರೊಂದರ ಯೋಗ್ಯತೆ ನಿರ್ಧಾರವಾಗುವುದು ಅಲ್ಲೇ. ದಡದ ಕ್ರೇನ್ ಎಷ್ಟೇ ಚುರುಕಾಗಿದ್ದರೂ ಅದಕ್ಕೆ ಬೇಕಾದ ಪೆಟ್ಟಿಗೆ ಅಂಗಳದಿಂದ ಬರದಿದ್ದರೆ ಅದು ಸುಮ್ಮನೆ ನಿಲ್ಲಬೇಕು, ಹಡಗೂ ನಿಲ್ಲಬೇಕು. 1956ರ ಏಪ್ರಿಲ್ 26ರಂದು, ಕಂಟೇನರ್ ಸಾಗಣೆಗೆ ನಾಂದಿ ಹಾಡಿದ ಮಾಲ್ಕಮ್ ಮೆಕ್‌ಲೀನ್ ಅವರ 'ಐಡಿಯಲ್ ಎಕ್ಸ್' ಹಡಗು ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಹೊರಟಾಗ ಅದರ ಮೇಲಿದ್ದದ್ದು 58 ಪೆಟ್ಟಿಗೆ. ಇಂದಿನ ಅತಿದೊಡ್ಡ ಹಡಗುಗಳು ಇಪ್ಪತ್ತು ಅಡಿಯ ಪೆಟ್ಟಿಗೆಗಳ ಲೆಕ್ಕದಲ್ಲಿ 24,000ಕ್ಕೂ ಹೆಚ್ಚು ಹೊರುತ್ತವೆ. ಹಡಗು ಬೆಳೆದ ಹಾಗೆ ಅಂಗಳ ಅಗಲವಾಗಲಿಲ್ಲ, ಎತ್ತರವಾಯಿತು. ತೊಡಕು ಶುರುವಾದದ್ದು ಆ ಎತ್ತರದಿಂದ.

ಅಂಗಳವನ್ನು ಬ್ಲಾಕುಗಳಾಗಿ ಹಂಚಿರುತ್ತಾರೆ. ಸಾಮಾನ್ಯವಾಗಿ ಒಂದು ಬ್ಲಾಕಿನ ಅಗಲಕ್ಕೆ ಆರು ಸಾಲು ಪೆಟ್ಟಿಗೆ, ಪಕ್ಕದಲ್ಲಿ ಲಾರಿ ಹಾಯಲು ಒಂದು ಓಣಿ. ಎತ್ತರಕ್ಕೆ ನಾಲ್ಕೋ ಐದೋ ಪೆಟ್ಟಿಗೆ. ಇಷ್ಟನ್ನೂ ಕಾಲುಗಳ ನಡುವೆ ಇಟ್ಟುಕೊಂಡು ರಬ್ಬರ್ ಚಕ್ರಗಳ ಮೇಲೆ ಹಿಂದೆ ಮುಂದೆ ಚಲಿಸುವ ಯಂತ್ರವೇ ಆರ್‌ಟಿಜಿ ಎಂದು ಕರೆಸಿಕೊಳ್ಳುವ ಯಾರ್ಡ್ ಕ್ರೇನ್. ಗೋದಾಮಿನಲ್ಲಿ ಅಡಿಯ ಮೂಟೆ ಬೇಕೆಂದರೆ ಮೇಲಿನವನ್ನೆಲ್ಲ ಇಳಿಸಬೇಕಾದಂತೆ, ಕೆಳಗಿನ ಪೆಟ್ಟಿಗೆ ಕೇಳಿದ ಲಾರಿಗಾಗಿ ಕ್ರೇನ್ ಮೇಲಿನವನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡಬೇಕು. ಈ ಶಿಫ್ಟಿಂಗಿಗೆ ಯಾರೂ ಕಾಸು ಕೊಡುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಜೊತೆಗೆ ಒಂದೇ ಬ್ಲಾಕಿನ ಎರಡು ಕ್ರೇನುಗಳು ಒಂದನ್ನೊಂದು ದಾಟಲಾರವು, ಅಂತರವನ್ನೂ ಕಾಯ್ದುಕೊಳ್ಳಬೇಕು. ಪಕ್ಕದ ಸಾಲಿನ ಬ್ಲಾಕಿಗೆ ಹೋಗಬೇಕೆಂದರೆ ಚಕ್ರಗಳನ್ನು ತೊಂಬತ್ತು ಡಿಗ್ರಿ ತಿರುಗಿಸಿಕೊಂಡು ರಸ್ತೆಗೆ ಅಡ್ಡವಾಗಿ ಸಾಗಬೇಕು. ಅಷ್ಟು ಹೊತ್ತೂ ಆ ರಸ್ತೆಯ ಲಾರಿಗಳು ನಿಂತಿರುತ್ತವೆ.

ಇಂಥ ಕಡೆ ಕ್ರೇನಿನ ವೇಗಕ್ಕಿಂತ ಕೆಲಸದ ಸರದಿಗೇ ಬೆಲೆ ಹೆಚ್ಚು. ಚಿಕ್ಕ ಲೆಕ್ಕವೊಂದನ್ನು ನೋಡಿ. ಮೂರು ಲಾರಿಗಳು ಬಂದಿವೆ. ಒಂದು ಎತ್ತುಗೆಗೆ ಮೂರು ನಿಮಿಷ ಎಂದಿಟ್ಟುಕೊಳ್ಳೋಣ. ಮೊದಲ ಲಾರಿಯ ಪೆಟ್ಟಿಗೆ ಮೂರರ ಅಡಿಯಲ್ಲಿದೆ, ಅದಕ್ಕೆ ಹನ್ನೆರಡು ನಿಮಿಷ ಬೇಕು. ಉಳಿದೆರಡರ ಪೆಟ್ಟಿಗೆಗಳು ಮೇಲೆಯೇ ಇವೆ, ತಲಾ ಮೂರು ನಿಮಿಷ ಸಾಕು. ಬಂದ ಸರದಿಯಲ್ಲೇ ಕೊಟ್ಟರೆ ಲಾರಿಗಳು ಹೊರಡುವುದು ಹನ್ನೆರಡನೇ, ಹದಿನೈದನೇ, ಹದಿನೆಂಟನೇ ನಿಮಿಷಕ್ಕೆ. ಒಟ್ಟು 45 ಲಾರಿ-ನಿಮಿಷ. ಸಣ್ಣ ಕೆಲಸ ಮೊದಲು ಮುಗಿಸಿದರೆ ಮೂರು, ಆರು, ಹದಿನೆಂಟು, ಒಟ್ಟು 27. ಕ್ರೇನ್ ಅದೇ, ಡೀಸೆಲ್ ಅದೇ, ಚಾಲಕನ ಶ್ರಮವೂ ಅಷ್ಟೇ. ಮೊದಲು ಬಂದವನನ್ನು ಕೊನೆಗೆ ತಳ್ಳುವುದು ಅನ್ಯಾಯವಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಸಣ್ಣ ಕೆಲಸದವರು ಬರುತ್ತಲೇ ಇದ್ದರೆ ಆ ಮೊದಲ ಲಾರಿಗೆ ಸರದಿ ಬರುವುದೇ ಇಲ್ಲ. ಆದ್ದರಿಂದ ಇಷ್ಟು ಹೊತ್ತು ಮೀರಿ ಯಾರೂ ಕಾಯಬಾರದು ಎಂಬ ಮಿತಿಯನ್ನು ನಿಯಮದೊಳಗೇ ಸೇರಿಸಬೇಕು. ಮಿತಿ ಎಷ್ಟಿರಬೇಕೆಂದು ಗಣಿತ ಹೇಳುವುದಿಲ್ಲ, ಅದನ್ನು ಮನುಷ್ಯರೇ ತೀರ್ಮಾನಿಸಬೇಕು.

ಮೂರು ಲಾರಿಗಳ ಲೆಕ್ಕ ಸುಲಭ, ಆದರೆ ಹತ್ತು ಕೆಲಸಗಳನ್ನು 36,28,800 ರೀತಿಯಲ್ಲಿ ಜೋಡಿಸಬಹುದು. ಹದಿನೈದಾದರೆ ಆ ಸಂಖ್ಯೆ 1.3 ಲಕ್ಷ ಕೋಟಿ ದಾಟುತ್ತದೆ. ಕೊರಿಯಾದ ಬುಸಾನ್‌ನ ಕಪ್ ಹ್ವಾನ್ ಕಿಮ್ ಅವರಂಥ ವಿದ್ವಾಂಸರು 1990ರ ದಶಕದಿಂದ ಈ ಗಂಟನ್ನು ಬಿಡಿಸುತ್ತ ಬಂದಿದ್ದಾರೆ. ಇಡೀ ಅಂಗಳಕ್ಕೆ ಅತ್ಯುತ್ತಮ ಉತ್ತರವನ್ನು ಬೇಗ ಹುಡುಕಿಕೊಡುವ ವಿಧಾನ ಇನ್ನೂ ಸಿಕ್ಕಿಲ್ಲ. ಸಿಕ್ಕರೂ ಅದರ ಆಯಸ್ಸು ಕಡಿಮೆ. ಒಂದು ಲಾರಿ ತಡವಾಗಿ ಬಂದರೆ ಸಾಕು, ಮಾಡಿಟ್ಟ ಪಟ್ಟಿ ಹಳತಾಗುತ್ತದೆ.

ಈ ಕಾರಣಕ್ಕೇ ಕಟ್ಟ ಗೋಪಾಲಕೃಷ್ಣ ಮೂರ್ತಿ ಅವರ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಓದಿ, ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಈ ಗಣಿತಜ್ಞರ ಹೆಸರಿನಲ್ಲಿ 1968ರಷ್ಟು ಹಿಂದಿನ ಒಂದು ಪ್ರಸಿದ್ಧ ಅಲ್ಗಾರಿದಮ್ ಇದೆ. ಕಠಿಣ ಸಮಸ್ಯೆಗಳು ಎಷ್ಟು ಕಠಿಣ ಎಂದು ಸಾಧಿಸಿ ತೋರಿಸಿದವರಲ್ಲಿ ಅವರೂ ಒಬ್ಬರು. ಅಂಥವರು ಹಾಂಗ್‌ಕಾಂಗಿನ ಸಂಶೋಧಕರೊಂದಿಗೆ ಅಲ್ಲಿನ ಎಚ್‌ಐಟಿ ಟರ್ಮಿನಲ್‌ನ ಸಮಸ್ಯೆಗೆ ಕೈಹಾಕಿದರು. ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಲಾರಿ, ಹದಿನೈದರಷ್ಟು ಹಡಗು; ಜಾಗವೋ ಅತಿ ಕಡಿಮೆ. ಅವರು ಭಾರೀ ಸಮೀಕರಣವೊಂದನ್ನು ಕಟ್ಟಿ ಕಂಪ್ಯೂಟರಿನ ಮುಂದಿಡಬಹುದಿತ್ತು. ಬದಲಿಗೆ ಹಿಂದಕ್ಕೆ ಸರಿದು, ಕ್ರೇನಿನ ಮುಂದೆ ಲಾರಿಗಳೇಕೆ ಗುಂಪಾಗುತ್ತವೆ ಎಂದು ನೋಡಿದರು. ಬ್ಲಾಕಿನಲ್ಲಿ ಪೆಟ್ಟಿಗೆ ಹೆಚ್ಚಿದ್ದಷ್ಟೂ ಅಲ್ಲಿಗೆ ಬರುವ ಲಾರಿಯೂ ಹೆಚ್ಚು. ಹಾಗಾದರೆ ಎಲ್ಲ ಬ್ಲಾಕುಗಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತುಂಬಿರುವಂತೆ ನೋಡಿಕೊಂಡರೆ ದಟ್ಟಣೆಯೂ ಹಂಚಿಹೋಗುತ್ತದೆ. ಕೆಲವು ಗಂಟೆಗಳ ಅವಧಿಗೆ ಪ್ರತಿ ಬ್ಲಾಕಿನ ಪಾಲನ್ನು ಮಾತ್ರ ಗೊತ್ತುಮಾಡುವುದು. ಯಾವ ಪೆಟ್ಟಿಗೆ ಎಲ್ಲಿಗೆ ಎಂಬುದನ್ನು ಅದು ಬಂದ ಕ್ಷಣದಲ್ಲಿ, ಪಾಲು ಉಳಿದಿರುವ ಬ್ಲಾಕುಗಳ ಪೈಕಿ ಎಲ್ಲಿ ಲಾರಿ ಕಡಿಮೆಯಿದೆಯೋ ಅಲ್ಲಿಗೆ ಎಂದು ನಿರ್ಧರಿಸುವುದು. ಹೀಗೆ ಕ್ರೇನಿನ ಸರದಿ ಸಮಸ್ಯೆಯ ಬಹುಪಾಲು ಕ್ರೇನಿನ ತನಕ ಬರುವ ಮೊದಲೇ ಕರಗಿತು. ಒಂದೇ ಹಡಗಿನ ಪೆಟ್ಟಿಗೆಗಳು ಇದರಿಂದ ಚದುರಿ ಲಾರಿಗಳ ಸುತ್ತು ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ. ಆದರೆ ಆ ಸುತ್ತು ಕೆಲವೇ ನಿಮಿಷದ್ದು, ಕಿಕ್ಕಿರಿದ ಬ್ಲಾಕಿನ ಮುಂದೆ ಕಾಯುವುದಕ್ಕೆ ಮಿತಿಯೇ ಇರುವುದಿಲ್ಲ. ಸಮಸ್ಯೆಯ ಆಳವನ್ನು ಪೂರ್ತಿ ಬಲ್ಲವರೊಬ್ಬರು ಅಂಗಳದ ಮೇಲ್ವಿಚಾರಕನಿಗೆ ಒಂದೇ ಉಸಿರಿನಲ್ಲಿ ವಿವರಿಸಬಹುದಾದ ನಿಯಮವನ್ನು ಆರಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಪಾಂಡಿತ್ಯದ ಎತ್ತರ ಇದು.

ಇಷ್ಟೆಲ್ಲ ಯೋಚಿಸುವ ಬದಲು ಕ್ರೇನುಗಳನ್ನೇ ಹೆಚ್ಚಿಸಬಾರದೇ ಎಂಬುದು ಸಹಜವಾದ ಆಕ್ಷೇಪ. ಆದರೆ ಒಂದೇ ದಾರಿಯಲ್ಲಿ ಒಂದನ್ನೊಂದು ದಾಟಲಾರದ ಯಂತ್ರಗಳಿಗೆ ಇನ್ನೊಂದನ್ನು ಸೇರಿಸಿದರೆ ಕೆಲಸದ ಜೊತೆ ಅಡ್ಡಿಯೂ ಬೆಳೆಯುತ್ತದೆ. ಹ್ಯಾಂಬರ್ಗಿನ ಆಲ್ಟೆನ್‌ವೆರ್ಡರ್ ಟರ್ಮಿನಲ್ 2002ರಲ್ಲಿ ಇದಕ್ಕೊಂದು ಸೊಗಸಾದ ಪರಿಹಾರ ಕಂಡುಕೊಂಡಿತು: ಪ್ರತಿ ಬ್ಲಾಕಿಗೂ ಹಳಿಯ ಮೇಲೋಡುವ, ಗಾತ್ರದಲ್ಲಿ ಬೇರೆಬೇರೆಯಾದ ಎರಡು ಕ್ರೇನು, ದೊಡ್ಡದರ ಕಾಲುಗಳ ನಡುವೆ ಚಿಕ್ಕದು ನುಸುಳಿ ಹೋಗುತ್ತದೆ. ಅಲ್ಲೂ ಯಾವುದಕ್ಕೆ ಯಾವ ಪೆಟ್ಟಿಗೆ, ಯಾವಾಗ ಎಂಬ ಪ್ರಶ್ನೆ ಹೋಗಲಿಲ್ಲ, ಇನ್ನಷ್ಟು ಸೂಕ್ಷ್ಮವಾಯಿತು. ಯಂತ್ರೀಕರಣದಿಂದ ಚಾಲಕ ಕ್ಯಾಬಿನ್ನಿನಿಂದ ಇಳಿದಾನು, ಸರದಿಯ ಪ್ರಶ್ನೆ ಇಳಿಯುವುದಿಲ್ಲ.

ನಮ್ಮಲ್ಲಿ ಇದು ದೂರದ ಮಾತಲ್ಲ. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನ ವಾರ್ಷಿಕ ವಹಿವಾಟು 70 ಲಕ್ಷ ಟಿಇಯು, ಅಂದರೆ ಇಪ್ಪತ್ತು ಅಡಿಯ ಪೆಟ್ಟಿಗೆಗಳ ಲೆಕ್ಕ, ದಾಟಿದೆ. ಕೇರಳದ ವಿಳಿಂಜಂನಲ್ಲಿ ಸ್ಥಳೀಯ ಹೆಣ್ಣುಮಕ್ಕಳು ಕೋಣೆಯಲ್ಲಿ ಕೂತು ಪರದೆ ನೋಡುತ್ತ ಯಾರ್ಡ್ ಕ್ರೇನ್ ನಡೆಸುತ್ತಿದ್ದಾರೆ. ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಡಿಪೋದಿಂದ ಪೆಟ್ಟಿಗೆಗಳು ರೈಲಿನಲ್ಲಿ ಚೆನ್ನೈ ಸೇರುತ್ತವೆ. ಮಲೆನಾಡಿನ ಕಾಫಿ ಮಂಗಳೂರಿನಿಂದ ಹಡಗು ಹತ್ತುತ್ತದೆ. ಆದರೆ ದಕ್ಷತೆ ಎಂದಾಗ ನಾವು ಎಣಿಸುವುದು ಹಡಗಿನ ಗಂಟೆಗಳನ್ನು. ನಿಂತ ಹಡಗಿನ ದಿನದ ವೆಚ್ಚ ದೊಡ್ಡದು, ಹಾಗಾಗಿ ಹಡಗಿನ ಕೆಲಸಕ್ಕೆ ಮೊದಲ ಸರದಿ ಎನ್ನುವ ವಾದದಲ್ಲಿ ತೂಕವಿದೆ, ಒಪ್ಪುತ್ತೇನೆ. ಆದರೆ ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವ ಟ್ರೇಲರ್ ಚಾಲಕ ಕಳೆದುಕೊಳ್ಳುವ ಗಂಟೆಗೂ ಬೆಲೆಯಿದೆ. ಅದು ಬಂದರಿನ ಖಾತೆಯಲ್ಲಿ ಬರೆಯಲ್ಪಡುವುದಿಲ್ಲ ಅಷ್ಟೇ. ಗೇಟಿನ ಹೊರಗಿನ ಸಾಲಿಗೆ ರಸ್ತೆ, ಕಸ್ಟಮ್ಸ್ ಕಾಗದ ಎಂದು ಬೇರೆ ಕಾರಣಗಳೂ ಇವೆ. ಒಳಗಿನ ಕ್ರೇನಿನ ಸರದಿಯನ್ನು ಸರಿಪಡಿಸುವುದಾದರೂ ಬಂದರಿನ ಕೈಯಲ್ಲೇ ಇದೆ. ಅದಕ್ಕೆ ಹೊಸ ಬರ್ತ್ ಬೇಡ, ಹೂಳೆತ್ತುವುದೂ ಬೇಡ.

ಸರದಿಯ ಈ ಪಾಠವನ್ನು ಮೊದಲೇ ಕಲಿತ ಹಾಂಗ್‌ಕಾಂಗ್ 2004ರಲ್ಲಿ ಸುಮಾರು 2.2 ಕೋಟಿ ಟಿಇಯು ಸಾಗಿಸಿದ, ಜಗತ್ತಿನಲ್ಲೇ ಮುಂಚೂಣಿಯ ಬಂದರು. 2024ರ ಹೊತ್ತಿಗೆ ಅದು 1.4 ಕೋಟಿಗಿಂತ ಕೆಳಗಿಳಿದಿತ್ತು. ಸರಕು ನೆರೆಯ ಚೀನಾದ ಬಂದರುಗಳ ಪಾಲಾಗಿದೆ. ಅಂಗೈಯಗಲ ಜಾಗದಲ್ಲಿ ಅಷ್ಟೊಂದು ಪೆಟ್ಟಿಗೆಗಳನ್ನು ಹೊಂದಿಸಲೇಬೇಕಾದ ಒತ್ತಡವೇ ಅಲ್ಲಿ ಆ ಸರಳ ನಿಯಮವನ್ನು ಹುಟ್ಟಿಸಿತ್ತು. ಈಗ ಆ ಒತ್ತಡ ನಮ್ಮ ಅಂಗಳಗಳದ್ದು. ನಮ್ಮಲ್ಲೇ ಓದಿ ಹೊರಟ ಮೂರ್ತಿಯವರು ಅದಕ್ಕೆ ಉತ್ತರ ಬರೆದಿಟ್ಟು ಎರಡು ದಶಕಗಳಾದವು.