ಢಾಕಾದ ತುಂಡು ರೀಲು, ಹಳ್ಳಿಯ ಪರದೆ

ಬಂಗಾಳಿ ಸಿನಿಮಾ ಎಂದರೆ ನಮಗೆ ಸತ್ಯಜಿತ್ ರಾಯ್, ಋತ್ವಿಕ್ ಘಟಕ್. ಗಡಿಯಾಚೆ ಢಾಕಾದಲ್ಲಿ ಅದೇ ಭಾಷೆಯ ಇನ್ನೊಂದು ಚಿತ್ರಲೋಕವಿದೆ. ಪಂಡಿತರು ಮೂಗು ಮುರಿದರೂ ಅದನ್ನು ಸಾಕಿ ಸಲಹಿದ್ದು ಹಳ್ಳಿಯ ಪ್ರೇಕ್ಷಕ.

1960ರ ದಶಕದಲ್ಲಿ, ಢಾಕಾ ಇನ್ನೂ ಪಾಕಿಸ್ತಾನದಲ್ಲಿದ್ದಾಗ, ಇಡೀ ಪಾಕಿಸ್ತಾನದ ಮಾರುಕಟ್ಟೆಯ ಆಸೆಗೆ ಢಾಕಾದವರೂ ಉರ್ದು ಚಿತ್ರ ತೆಗೆಯುತ್ತಿದ್ದರು. ಅಂಥ ಹೊತ್ತಿನಲ್ಲಿ, 1965ರಲ್ಲಿ, ಸಲಾಹುದ್ದೀನ್ ಅವರ ‘ರೂಪಬಾನ್’ ಬಂತು. ಹನ್ನೆರಡು ದಿನದ ರಾಜಕುಮಾರನನ್ನು ಮದುವೆಯಾಗಿ, ಆ ಕೂಸನ್ನೇ ಎತ್ತಿಕೊಂಡು ಕಾಡು ಸೇರುವ ಹನ್ನೆರಡು ವರ್ಷದ ಹುಡುಗಿಯ ಕಥೆ. ನಮ್ಮ ಕಂಪನಿ ನಾಟಕಗಳ ಹಾಗೆ ಊರೂರು ಸುತ್ತುವ ಜಾತ್ರಾ ತಂಡಗಳಿಂದಾಗಿ ಜನರಿಗೆ ಅದು ಮೊದಲೇ ಗೊತ್ತು. ಗೊತ್ತಿದ್ದ ಕಥೆ ನೋಡಲೆಂದೇ ಮುಗಿಬಿದ್ದರು. 1989ರಲ್ಲಿ ಹಾವಾಡಿಗರ ಹುಡುಗಿಯ ಕಥೆ ‘ಬೇದೇರ್ ಮೇಯೇ ಜೋಸ್ನಾ’ ದಾಖಲೆ ಬರೆಯಿತು. ಕೋಲ್ಕತ್ತದವರೂ ಅದನ್ನು ಅದೇ ನಾಯಕಿ ಅಂಜು ಘೋಷ್ ಅವರನ್ನಿಟ್ಟುಕೊಂಡು ಮತ್ತೆ ತೆಗೆದರು.

1965ರ ಯುದ್ಧದ ನಂತರ ಅಲ್ಲಿನ ಚಿತ್ರಮಂದಿರಗಳಿಗೆ ಭಾರತದ ಸಿನಿಮಾ ನಿಷಿದ್ಧವಾಯಿತು. ಬಾಂಗ್ಲಾದೇಶವಾದ ಮೇಲೂ ಬಹುಕಾಲ ನಿಷೇಧ ಹೋಗಲಿಲ್ಲ. ಆದರೆ ವಿಸಿಆರ್ ಬಂದದ್ದೇ ತಡ, ಹಿಂದಿ ಚಿತ್ರಗಳು ಕಳ್ಳ ಕ್ಯಾಸೆಟ್ಟಿನಲ್ಲಿ ಗಡಿ ದಾಟಿ ಚಹಾದಂಗಡಿ ಸೇರಿದವು. ಮನೆಬಾಗಿಲಿಗೇ ಸಿನಿಮಾ ಬಂದ ಮೇಲೆ ಟಿಕೆಟ್ ಕೊಳ್ಳುವವರು ಯಾರು?

1990ರ ದಶಕದ ಕೊನೆಗೆ ಪ್ರೇಕ್ಷಕರನ್ನು ಮರಳಿ ಕರೆತರಲು ಕೆಲವರು ಹಿಡಿದ ದಾರಿಯೇ ‘ಕಟ್-ಪೀಸ್’. ಸೆನ್ಸಾರ್ ಮಂಡಳಿಗೆ ತೋರಿಸುವ ಪ್ರತಿಯಲ್ಲಿ ಅಶ್ಲೀಲ ದೃಶ್ಯ ಇರುತ್ತಿರಲಿಲ್ಲ. ಸರ್ಟಿಫಿಕೇಟ್ ಸಿಕ್ಕ ಮೇಲೆ ಆ ತುಂಡುಗಳು ಥಿಯೇಟರಿನ ಪ್ರೊಜೆಕ್ಟರ್ ಕೋಣೆಯಲ್ಲಿ ರೀಲಿಗೆ ಅಂಟುತ್ತಿದ್ದವು. ತನಿಖೆಯ ಸುಳಿವು ಸಿಕ್ಕರೆ ಆಪರೇಟರ್ ಕಿತ್ತು ಬಚ್ಚಿಡುತ್ತಿದ್ದ. ಹೀಗಾಗಿ ಒಂದೇ ಸಿನಿಮಾ ಒಂದೊಂದು ಊರಿನಲ್ಲಿ ಒಂದೊಂದು ಥರ ಇರುತ್ತಿತ್ತು. ಮಾನವಶಾಸ್ತ್ರಜ್ಞೆ ಲೊಟ್ಟೆ ಹುಕ್ ಇಂಥದೊಂದು ಚಿತ್ರದ ಬೆನ್ನುಹತ್ತಿ, ಶೂಟಿಂಗಿನಿಂದ ಥಿಯೇಟರಿನವರೆಗೆ ಅದರ ಹಾದಿಯನ್ನು ಪುಸ್ತಕದಲ್ಲಿ ದಾಖಲಿಸಿದ್ದಾರೆ. ಈ ದಂಧೆಯ ಲಾಭ ಯಾರ ಜೇಬು ಸೇರಿದರೂ ಕೆಟ್ಟ ಹೆಸರು ಹೊತ್ತವರು ನಟಿಯರು. ಅದು ನನಗೆ ಇಂದಿಗೂ ಸಂಕಟದ ಸಂಗತಿ.

ಜನರ ಬಳಿಗೆ ಹೋಗಲು ಇನ್ನೊಂದು ದಾರಿಯೂ ಇತ್ತು. 1971ರ ವಿಮೋಚನಾ ಯುದ್ಧದ ‘ಮುಕ್ತಿರ್ ಗಾನ್’ ಸಾಕ್ಷ್ಯಚಿತ್ರವನ್ನು 1995ರಲ್ಲಿ ಮುಗಿಸಿದ ತಾರೇಕ್ ಮತ್ತು ಕ್ಯಾಥರೀನ್ ಮಸೂದ್, ಪ್ರೊಜೆಕ್ಟರ್ ತಂಡಗಳನ್ನು ಹಳ್ಳಿಹಳ್ಳಿಗೆ ಕಳಿಸಿದರು. ನೋಡಿದ ಜನ ತಾವು ಕಂಡುಂಡ ಯುದ್ಧವನ್ನು ಹೇಳತೊಡಗಿದರು. ಆ ಮಾತುಗಳನ್ನೇ ಚಿತ್ರೀಕರಿಸಿ ಮಸೂದ್ ದಂಪತಿ ‘ಮುಕ್ತಿರ್ ಕಥಾ’ ಎಂಬ ಮತ್ತೊಂದು ಸಿನಿಮಾ ಮಾಡಿದರು.