ಮರಳಿನಲ್ಲಿ ಬೇರೂರಿದ ದ್ರಾಕ್ಷಿ

ದ್ರಾಕ್ಷಿಯೆಂಬುದು ನಮ್ಮ ಸೋಲಾಪುರ, ಜತ್ತ ಸೀಮೆಯವರಿಗೆ ಹೊಸ ಬೆಳೆಯಲ್ಲ. ಚಾಟಣಿಯ ಕಾಲ, ಔಷಧ ಸಿಂಪಡಿಸುವ ಕಾಲ, ಒಣದ್ರಾಕ್ಷಿಯ ಶೆಡ್ಡುಗಳು ತುಂಬುವ ಕಾಲ ಯಾವುವೆಂದು ಇಲ್ಲಿಯ ಶಾಲೆಯ ಮಕ್ಕಳೂ ಬಲ್ಲರು. ಆದರೆ ಕಡಲದಂಡೆಯ ಮರಳಿನಲ್ಲಿ, ಚಪ್ಪರವಿಲ್ಲದೆ, ನೆಲದ ಮೇಲೆ ಹರಿದಾಡುವ ದ್ರಾಕ್ಷಿಯನ್ನು ಕಂಡವರು ನಮ್ಮಲ್ಲಿ ವಿರಳ. ಅಂಥದೊಂದು ನೆಲ ಪೋರ್ತುಗಾಲದ ಕೊಲಾರೆಸ್. ನೆರೆಯ ಗೋವೆಯನ್ನು 1961ರವರೆಗೆ ಆಳಿದವರ ದೇಶವದು. ಆಗಸ್ಟ್ ತಿಂಗಳ ಒಂದು ದಿನವನ್ನು ನಾವು ದಂಪತಿಗಳು ಅಲ್ಲಿ ಕಳೆದೆವು.

ಲಿಸ್ಬನ್ ನಗರದಿಂದ ಸಿಂತ್ರಾ ಪಟ್ಟಣಕ್ಕೆ ರೈಲು. ಅಲ್ಲಿಂದ ಮುಂದೆ 1904ರಲ್ಲಿ ಆರಂಭವಾದ ಪುಟ್ಟ ಟ್ರಾಮ್ ಗಾಡಿ. ಗುಡ್ಡವನ್ನಿಳಿದು ಅದು ಅಟ್ಲಾಂಟಿಕ್ ಸಾಗರದ ದಂಡೆಯನ್ನು ಮುಟ್ಟುತ್ತದೆ. ಅದರ ಹಾದಿಯಲ್ಲೇ ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘವಿದೆ. 1931ರಲ್ಲಿ ಸ್ಥಾಪಿತವಾದ ಇದು ಆ ದೇಶದ ಇಂಥ ಸಂಘಗಳಲ್ಲಿ ಅತ್ಯಂತ ಹಳೆಯದು.

ಕೊಲಾರೆಸ್‌ನ ಹಿರಿಮೆಗೆ ಕಾರಣ ಒಂದು ಹುಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹೇನು ಯುರೋಪಿನ ದ್ರಾಕ್ಷಿತೋಟಗಳನ್ನು ಒಂದೊಂದಾಗಿ ನಾಶಮಾಡಿತು. ಅದನ್ನು ತಾಳಬಲ್ಲ ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ತಳಿಯನ್ನು ಕಸಿಕಟ್ಟಿ ರೈತರು ಬದುಕಿಕೊಂಡರು. ಉಪ್ಪು ನೆಲವನ್ನೂ ನೀರಿನ ಕೊರತೆಯನ್ನೂ ಎದುರಿಸಲು ನಮ್ಮ ರೈತರು ಇಂದು ಡಾಗ್‌ರಿಜ್ ಎಂಬ ಅಮೆರಿಕದ ಬೇರಿಗೆ ಕಸಿಕಟ್ಟುವುದೂ ಇದೇ ವಿದ್ಯೆ. ಆದರೆ ಕೊಲಾರೆಸ್‌ನ ಮರಳಿನಲ್ಲಿ ಆ ಹೇನು ಬೇರಿನಿಂದ ಬೇರಿಗೆ ದಾರಿ ಕೊರೆಯಲಾರದೆ ಹೋಯಿತು. ಆದುದರಿಂದ ಅಲ್ಲಿಯ ರಮಿಸ್ಕೊ ಎಂಬ ಕಪ್ಪು ದ್ರಾಕ್ಷಿಯೂ ಮಾಲ್ವಜಿಯ ಎಂಬ ಬಿಳಿ ದ್ರಾಕ್ಷಿಯೂ ಇಂದಿಗೂ ತಮ್ಮ ಸ್ವಂತ ಬೇರಿನ ಮೇಲೆಯೇ ನಿಂತಿವೆ.

ಈ ವರ ಸುಲಭದ್ದಲ್ಲ. ಬೇರು ಊರಬೇಕಾದುದು ಮರಳಿನಡಿಯ ಜೇಡಿಮಣ್ಣಿನಲ್ಲಿ. ಅದನ್ನು ಮುಟ್ಟಲು ಕೆಲವೆಡೆ ಆಳುದ್ದಕ್ಕೂ ಮೀರಿ ಮರಳು ತೋಡಬೇಕು. ಬದಿ ಕುಸಿದರೆ ಉಸಿರುಕಟ್ಟದಿರಲೆಂದು ಹಿಂದೆ ಕೂಲಿಗಳು ತಲೆಗೆ ಬುಟ್ಟಿ ಕವುಚಿಕೊಂಡು ತೋಡುತ್ತಿದ್ದರಂತೆ. ಕಡಲ ಗಾಳಿಗೆ ಒಣಜೊಂಡಿನ ತಡಿಕೆಗಳು ಅಡ್ಡ. ಕಾಯಿ ಹಣ್ಣಾಗುವಾಗ ಕಾದ ಮರಳಿಗೆ ಸುಡದಂತೆ ಗೊಂಚಲುಗಳಿಗೆ ಗೇಣುದ್ದದ ಕಡ್ಡಿಗಳ ಆಸರೆ ಕೊಡುತ್ತಾರೆ. ಆ ಆಸರೆಯನ್ನು ನಾವು ಬಗ್ಗಿ ಮುಟ್ಟಿ ನೋಡಿದೆವು.

ಮದ್ಯ ಬಳಕೆಯಿಲ್ಲದ ಮನೆತನದ ನಮಗೆ ರುಚಿ ನೋಡುವ ಕ್ರಮವೂ ಒಂದು ಪಾಠವಾಯಿತು. ಲೋಟದಲ್ಲಿ ಬಣ್ಣ ನೋಡಿ, ಅಲುಗಿಸಿ, ಮೂಸಿ, ಒಂದು ಗುಟುಕನ್ನು ನಾಲಗೆಯ ಮೇಲಾಡಿಸಿ ಪಕ್ಕದ ಪಾತ್ರೆಗೆ ಉಗುಳುವುದು ಅಲ್ಲಿ ಅಸಭ್ಯವಲ್ಲ. ನಮ್ಮ ಮನೆಯವರು ಬಿಳಿಯದನ್ನು ಮೂಸಿ, "ಕಡಲ ಗಾಳಿಯ ಉಪ್ಪು ಇದರೊಳಗೂ ಹೊಕ್ಕಿದೆ" ಎಂದರು. ರಮಿಸ್ಕೊ ಎಳೆಯದಿರುವಾಗ ಅಳಲೆಕಾಯಿಯಂತೆ ಒಗರು. ಪೀಪಾಯಿಯಲ್ಲೂ ಸೀಸೆಯಲ್ಲೂ ವರ್ಷಗಟ್ಟಲೆ ಕಾದ ಬಳಿಕವೇ ಅದು ಮೃದುವಾಗುತ್ತದೆ. ಸಿಗುವುದೇ ಕೊಂಚವಾದ್ದರಿಂದ ಅರ್ಧ ಲೀಟರಿನ ಸಣ್ಣ ಸೀಸೆಗಳಲ್ಲಿ ಮಾರುತ್ತಾರೆ.

ಕೊಂಚವೇಕೆಂಬುದನ್ನು ಸುತ್ತಲಿನ ಮನೆಗಳೇ ಹೇಳುತ್ತವೆ. 1908ರಲ್ಲಿ ಸರಕಾರ ಗಡಿ ಗುರುತಿಸಿ ಮನ್ನಣೆಯಿತ್ತ ಸೀಮೆಯಿದು. ಒಂದು ಕಾಲಕ್ಕೆ ಸಾವಿರ ಹೆಕ್ಟೇರಿಗೂ ಮೀರಿ ತೋಟವಿತ್ತು. ಈಗ ಉಳಿದಿರುವುದು ಕೆಲವೇ ಹತ್ತು ಹೆಕ್ಟೇರು. ರಾಜಧಾನಿಗೆ ಹತ್ತಿರದ ಕಡಲದಂಡೆಯಾದುದರಿಂದ ಶ್ರೀಮಂತರ ಬೇಸಗೆ ಮನೆಗಳಿಗೆ ನೆಲ ಮಾರಿಹೋಯಿತು. ಹೇನು ಉಳಿಸಿದ್ದನ್ನು ನಿವೇಶನ ನುಂಗಿತು.

ಹಾಗೆಂದು ಕಥೆ ಮುಗಿದಿಲ್ಲ. ಗೋವೆಯ ಪಣಜಿಯಲ್ಲಿಯೂ ಶಾಖೆಯಿರುವ ಫುಂಡಸಾವ್ ಓರಿಯಂಟೆ ಸಂಸ್ಥೆ ಅಲ್ಲಿ ದ್ರಾಕ್ಷಿತೋಟ ಬೆಳೆಸಿದೆ. ಬೋಡೊ ಫಾನ್ ಬ್ರ್ಯೂಮರ್ ಎಂಬ ಹಿರಿಯರು ಕೊಲಾರೆಸ್ ಬಳಿಯ ತಮ್ಮ ಹೊಲದಲ್ಲಿ ಬಳ್ಳಿ ನೆಡಿಸಿದ್ದು ತೊಂಬತ್ತೈದರ ಹೊತ್ತಿಗೆ. 2016ರಲ್ಲಿ, ನೂರೈದನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ, ಅವರು ಆ ತೋಟದ ಫಲವನ್ನು ಕಂಡರು.

ನಮ್ಮ ಊರುಗಳ ಅಂಚಿನಲ್ಲಿಯೂ ತೋಟದ ಬದುವಿನ ಪಕ್ಕದಲ್ಲಿ ನಿವೇಶನದ ಕಲ್ಲುಗಳು ನಿಲ್ಲುತ್ತಿವೆ. ಮಾರುವ ರೈತನ ಕಷ್ಟ ನಮಗೆ ತಿಳಿಯದ್ದಲ್ಲ. ಸಾಲಕ್ಕೂ ಮದುವೆಗೂ ಹಣ ಬೇಕು. ಆದರೂ ಕಲ್ಲು ನೆಡುವ ಮುನ್ನ ಮನೆಯ ಹಿರಿಯರೂ ಮಕ್ಕಳೂ ಒಟ್ಟಿಗೆ ಕುಳಿತು ಒಮ್ಮೆ ಲೆಕ್ಕ ಹಾಕಲಿ. ಕೊಲಾರೆಸ್‌ನವರು ಇಂದು ಎಷ್ಟು ಹಣ ತೆತ್ತರೂ ಮನೆಗಳಡಿಯ ಆ ಮರಳು ಮತ್ತೆ ತೋಟವಾಗದು.